110 ವೋಲ್ಟ್ ಡೈನಮೊಗೆ ಹಳೇ ಮೀಟರ್ ಜೋಡಿ ಬೇಕು: ಎಲ್ಲಿ ಹುಡುಕಲಿ, ಏನು ನೋಡಿ ಕೊಳ್ಳಲಿ?

ಹಬೆಬಂಡಿ:
ಎಲ್ಲರಿಗೂ ನಮಸ್ಕಾರ. ನಾವು ಮೂವರು ಸೇರಿ ಏಳು ವರ್ಷದಿಂದ ಒಂದು ಹಬೆ ಟ್ರ್ಯಾಕ್ಷನ್ ಎಂಜಿನ್ (ರಸ್ತೆಯಲ್ಲಿ ಭಾರ ಎಳೆಯುವ ಹಬೆ ಬಂಡಿ) ಸರಿಪಡಿಸುತ್ತಿದ್ದೇವೆ. ಬಾಯ್ಲರ್ ಪರೀಕ್ಷೆ ಮುಗಿಯಿತು, ಗೇರ್ ಮುಗಿಯಿತು, ಬಣ್ಣವೂ ಆಯಿತು. ಇದು ಒಕ್ಕಣೆ ಯಂತ್ರ ಓಡಿಸುವ ಎಂಜಿನ್ ಅಲ್ಲ, ಶೋಮ್ಯಾನ್ ಎಂಜಿನ್. ಬ್ರಿಟನ್ನಿನಲ್ಲಿ ಜಾತ್ರೆಯ ತೊಟ್ಟಿಲು, ರಾಟೆಗಳನ್ನು ಊರಿಂದೂರಿಗೆ ಎಳೆದುಕೊಂಡು ಹೋಗಿ, ಅಲ್ಲಿ ನಿಂತ ಮೇಲೆ ಅವಕ್ಕೇ ಕರೆಂಟ್ ಕೊಡುತ್ತಿದ್ದ ಬಗೆ. ಹೊಗೆ ಕೊಳವೆಯ ಮುಂದೆ ಡೈನಮೊ ಕೂರುತ್ತದೆ. ಫ್ಲೈವೀಲಿನಿಂದ ಬೆಲ್ಟ್ ಹೋಗುತ್ತದೆ.

ಡೈನಮೊ ಇದೆ, ಓಡುತ್ತದೆ. ಮೀಟರ್ ಇಲ್ಲ. ಹಳೇ ಮರದ ಹಲಗೆಯ ಮೇಲೆ ಎರಡು ದುಂಡನೆಯ ಗುರುತುಗಳು ಮಾತ್ರ ಉಳಿದಿವೆ. ಸುಮಾರು 6 ಇಂಚು ಅಗಲ. ಒಂದು ವೋಲ್ಟ್‌ಮೀಟರ್, ಇನ್ನೊಂದು ಆಮೀಟರ್ ಇದ್ದಿರಬೇಕು. ಆ ಕಾಲದ್ದೇ ಜೋಡಿ ಬೇಕು ಅಂತ ಆಸೆ. ಮೂರು ತಿಂಗಳು ಹುಡುಕಿದೆ. ನೋಡಲು ಚೆನ್ನಾಗಿರುವುದು ಸಿಗುತ್ತದೆ, ಆದರೆ ನಮಗೆ ಹೊಂದುತ್ತದೋ ಇಲ್ಲವೋ ತಿಳಿಯುತ್ತಿಲ್ಲ. ತಿಳಿದವರು ದಾರಿ ತೋರಿಸಿ.

ಮುಳ್ಳುಮೀಟರ್:
ಮೊದಲು ಡೈನಮೊದ ಪ್ಲೇಟ್ ಓದಿ ಹೇಳಿ. ಎಷ್ಟು ವೋಲ್ಟ್, ಎಷ್ಟು ಆಂಪಿಯರ್? ಅದು ಗೊತ್ತಿಲ್ಲದೆ ಮೀಟರ್ ಹುಡುಕುವುದು ಕಾಲಿನ ಅಳತೆ ತಿಳಿಯದೆ ಚಪ್ಪಲಿ ಕೊಳ್ಳುವ ಹಾಗೆ.

ಹಬೆಬಂಡಿ:
110 ವೋಲ್ಟ್, 120 ಆಂಪಿಯರ್. ಡಿಸಿ, ಅಂದರೆ ಒಂದೇ ದಿಕ್ಕಿಗೆ ಹರಿಯುವ ಕರೆಂಟ್.

ಮುಳ್ಳುಮೀಟರ್:
ಸರಿ. ಅಂದರೆ 13.2 ಕಿಲೊವಾಟ್. ಸುಮಾರು 18 ಕುದುರೆ ಶಕ್ತಿ ಬರೀ ಕರೆಂಟಿಗೇ ಹೋಗುತ್ತದೆ. ನಿಮಗೆ ಬೇಕಾದ್ದು 0–150 ವೋಲ್ಟ್ ಮತ್ತು 0–150 ಆಂಪಿಯರ್. ಎರಡರಲ್ಲೂ ಮುಳ್ಳು ಸುಮಾರು ಮುಕ್ಕಾಲು ಭಾಗದಲ್ಲಿ ನಿಲ್ಲುತ್ತದೆ. ಓದಲು ಅದೇ ಒಳ್ಳೆಯ ಜಾಗ. 0–500 ವೋಲ್ಟಿನದು ತಂದರೆ ಮುಳ್ಳು ಕೆಳಗೇ ಒದ್ದಾಡುತ್ತದೆ. 105ಕ್ಕೂ 110ಕ್ಕೂ ವ್ಯತ್ಯಾಸ ಕಾಣುವುದೇ ಇಲ್ಲ.

ಆ ವ್ಯತ್ಯಾಸ ಕಾಣಲೇಬೇಕು. ಈ ಎಂಜಿನ್‌ನಲ್ಲಿ ವೋಲ್ಟ್‌ಮೀಟರ್ ಅಂದರೆ ಅಂದಕ್ಕೆ ಇಟ್ಟ ವಸ್ತು ಅಲ್ಲ. ಡ್ರೈವರ್ ಅದನ್ನು ನೋಡಿಕೊಂಡೇ ರೆಗ್ಯುಲೇಟರ್ (ಹಬೆ ಹೆಚ್ಚು ಕಮ್ಮಿ ಮಾಡುವ ಹಿಡಿ) ಹಿಡಿಯುತ್ತಿದ್ದ. ತಂತಿ ಬಲ್ಬಿಗೆ ವೋಲ್ಟೇಜ್ ಶೇಕಡಾ 5 ಜಾಸ್ತಿ ಆದರೆ ಅದರ ಆಯಸ್ಸು ಹೆಚ್ಚುಕಡಿಮೆ ಅರ್ಧಕ್ಕೆ ಇಳಿಯುತ್ತದೆ. ಸಾಲು ಸಾಲು ಬಲ್ಬ್ ಕಟ್ಟಿದ ಮಾಲೀಕನಿಗೆ ಅದು ದೊಡ್ಡ ನಷ್ಟ. ಹಾಗಾಗಿ ನಿಜ ಹೇಳುವ ಮೀಟರ್ ಹುಡುಕಿ. ಚೆಂದ ಆಮೇಲೆ.

ಗುಜರಿಪ್ರಿಯ:
ಹುಡುಕುವ ಜಾಗದ ಬಗ್ಗೆ ನಾನು ಹೇಳುತ್ತೇನೆ. ಹಬೆ ಎಂಜಿನ್ ಮೇಳದಲ್ಲಿ ಮಾತ್ರ ಹುಡುಕಬೇಡಿ. ಅಲ್ಲಿ ಎಲ್ಲರೂ ಅದನ್ನೇ ಹುಡುಕುತ್ತಿರುತ್ತಾರೆ.

ಹಳೇ ಹಡಗು ಒಡೆಯುವ ಜಾಗದ ಸಾಮಾನು ನೋಡಿ. ಬಹಳ ಕಾಲ ಹಡಗುಗಳಲ್ಲಿ 110 ಅಥವಾ 220 ವೋಲ್ಟ್ ಡಿಸಿಯೇ ಇತ್ತು. ನಿಮ್ಮ ಎಂಜಿನ್‌ಗೆ ಬೇಕಾದ ಅಳತೆಯೇ ಅಲ್ಲಿ ಸಿಗುತ್ತದೆ. ಅವುಗಳ ಪೆಟ್ಟಿಗೆಯೂ ಗಟ್ಟಿ, ನೀರು ಬಾರದ ಹಾಗೆ ಮುಚ್ಚಿರುತ್ತಾರೆ. ಆಮೇಲೆ ಹಳೇ ಸಿನಿಮಾ ಮಂದಿರದ ಪ್ರೊಜೆಕ್ಟರ್ ಕೋಣೆ. ಕಾರ್ಬನ್ ಆರ್ಕ್ ದೀಪಕ್ಕೆ ಡಿಸಿ ಬೇಕಿತ್ತು, ಆ ಬೋರ್ಡಿನಲ್ಲಿ ಆಮೀಟರ್ ಇದ್ದೇ ಇರುತ್ತದೆ. ಹಳೇ ಲಿಫ್ಟ್ ಕೋಣೆ, ಗಿರಣಿಯ ಸ್ವಿಚ್‌ಬೋರ್ಡ್, ಬ್ಯಾಟರಿ ಚಾರ್ಜ್ ಮಾಡುವ ಬೋರ್ಡ್, ಕಾಲೇಜಿನ ಎಲೆಕ್ಟ್ರಿಕಲ್ ಲ್ಯಾಬ್. ಲ್ಯಾಬ್ ಮೀಟರ್‌ಗಳು ಮರದ ಡಬ್ಬಿಯಲ್ಲಿ ಇರುತ್ತವೆ, ಹಲಗೆಗೆ ಕೂರಿಸಲು ಬರುವುದಿಲ್ಲ. ಆದರೆ ಒಳಗಿನ ಶಂಟ್ (ದೊಡ್ಡ ಕರೆಂಟ್ ಹಾಯಿಸುವ ತೀರಾ ಕಮ್ಮಿ ತಡೆಯ ಪಟ್ಟಿ), ರೆಸಿಸ್ಟರ್ ಬಹಳ ಒಳ್ಳೆಯವು.

ಆನ್‌ಲೈನ್ ಹರಾಜಿನಲ್ಲಿ ಹುಡುಕುವ ಪದವನ್ನೂ ಬದಲಿಸಿ. ಮಾರುವವನಿಗೆ ಅದು ಏನಂತ ಗೊತ್ತಿರುವುದಿಲ್ಲ. 'ಹಳೇ ಹಿತ್ತಾಳೆ ಗಡಿಯಾರ', 'ಹಡಗಿನ ಗೇಜ್', 'ಕಾರ್ಖಾನೆ ಡಯಲ್' ಅಂತ ಬರೆದಿರುತ್ತಾನೆ. ನನಗೆ ಸಿಕ್ಕ ಅತ್ಯುತ್ತಮ ಆಮೀಟರ್ ಹವಾಮಾನ ಯಂತ್ರಗಳ ನಡುವೆ ಇತ್ತು. ಟೇಬಲ್ ದೀಪ ಮಾಡುವವರು ಹಿತ್ತಾಳೆ ಮೀಟರ್ ಕೊಂಡು ಒಳಗಿನದೆಲ್ಲ ಕಿತ್ತು ಬಲ್ಬ್ ಹಾಕುತ್ತಾರೆ. ಅದನ್ನು ನೋಡಿದರೆ ಹೊಟ್ಟೆ ಉರಿಯುತ್ತದೆ. ಅವರಿಗಿಂತ ಮೊದಲು ನಾವು ತಲುಪಬೇಕು.

ಡಯಲ್ ಮೇಲೆ ಎಲಿಯಟ್ ಬ್ರದರ್ಸ್, ಎವರ್‌ಶೆಡ್ ಅಂಡ್ ವಿನ್ಯೋಲ್ಸ್, ನಾಲ್ಡರ್ ಬ್ರದರ್ಸ್ ಅಂಡ್ ಥಾಂಪ್ಸನ್, ಎವೆರೆಟ್ ಎಡ್ಜ್‌ಕಂಬ್ ಅಂತ ಕಂಡರೆ ನಿಂತು ನೋಡಿ. ಬ್ರಿಟಿಷ್ ಎಂಜಿನ್‌ಗೆ ಒಪ್ಪುವ ಹೆಸರುಗಳು ಅವು. ವೆಸ್ಟನ್ ಅಮೆರಿಕದ್ದು, ಆದರೆ ಒಳಗಿನ ಕೆಲಸ ಬಹಳ ಚೆಂದ.

ತಾಮ್ರತಂತಿ:
ಗುಜರಿಪ್ರಿಯ ಅವರು ಹೇಳಿದ್ದೆಲ್ಲ ಸರಿ. ಆದರೆ ಕೈಗೆ ಸಿಕ್ಕಾಗ ಏನು ನೋಡಬೇಕು ಅನ್ನುವುದೇ ಮುಖ್ಯ. ನಾನು ಸ್ವಲ್ಪ ಉದ್ದ ಬರೆಯುತ್ತೇನೆ.

ಹಳೇ ಡಿಸಿ ಮೀಟರ್‌ನಲ್ಲಿ ಎರಡು ಮುಖ್ಯ ಜಾತಿ. ಮೂವಿಂಗ್ ಐರನ್ ಮತ್ತು ಮೂವಿಂಗ್ ಕಾಯಿಲ್. ಬಿಚ್ಚದೆಯೇ ಗುರುತು ಹಿಡಿಯಬಹುದು. ಡಯಲ್‌ನ ಅಂಕಿ ನೋಡಿ. ಮೊದಲ ಅಂಕಿಗಳು ಒತ್ತೊತ್ತಾಗಿ, ಆಮೇಲೆ ಹರಡಿಕೊಂಡು ಹೋಗಿದ್ದರೆ ಅದು ಮೂವಿಂಗ್ ಐರನ್. ಎಲ್ಲ ಗೆರೆಗಳೂ ಸಮ ದೂರದಲ್ಲಿದ್ದರೆ ಸಾಮಾನ್ಯವಾಗಿ ಮೂವಿಂಗ್ ಕಾಯಿಲ್.

ಮೂವಿಂಗ್ ಐರನ್‌ನಲ್ಲಿ ಕಾಯಿಲ್ (ತಂತಿ ಸುರುಳಿ) ಅಲ್ಲಾಡುವುದಿಲ್ಲ, ಒಳಗಿನ ಕಬ್ಬಿಣದ ಚೂರು ಅಲ್ಲಾಡುತ್ತದೆ. ಗಟ್ಟಿ ಮುಟ್ಟು. ಡಿಸಿ, ಎಸಿ (ದಿಕ್ಕು ಬದಲಿಸುತ್ತ ಹರಿಯುವ ಕರೆಂಟ್) ಎರಡಕ್ಕೂ ನಡೆಯುತ್ತದೆ. ಆದರೆ ಆಮೀಟರ್ ಆದರೆ ಪೂರ್ತಿ 120 ಆಂಪಿಯರ್ ಆ ಮೀಟರ್ ಒಳಗೇ ಹೋಗಬೇಕು. ಹೆಬ್ಬೆರಳು ದಪ್ಪದ ಕೇಬಲ್ ಡ್ರೈವರ್ ತನಕ ತರಬೇಕು. ಪಕ್ಕದಲ್ಲೇ ದೊಡ್ಡ ಕರೆಂಟ್ ಹೋಗುವ ತಂತಿ ಇದ್ದರೆ ಅದರ ಕಾಂತದಿಂದ ಮುಳ್ಳು ತಪ್ಪು ತೋರಿಸಬಹುದು.

ಮೂವಿಂಗ್ ಕಾಯಿಲ್‌ನಲ್ಲಿ ಗಟ್ಟಿ ಅಯಸ್ಕಾಂತದ ನಡುವೆ ಸಣ್ಣ ಕಾಯಿಲ್ ತಿರುಗುತ್ತದೆ. ಡಿಸಿಗೆ ಮಾತ್ರ. ಪ್ಲಸ್ ಮೈನಸ್ ಅದಲುಬದಲಾದರೆ ಮುಳ್ಳು ಹಿಂದಕ್ಕೆ ಒತ್ತುತ್ತದೆ. ಅದೂ ಒಂದು ಉಪಕಾರವೇ. ಹಳೇ ಡೈನಮೊದ ಕಬ್ಬಿಣದಲ್ಲಿ ಉಳಿದ ಕಾಂತ ಉಲ್ಟಾ ಆಗಿ ಪ್ಲಸ್ ಮೈನಸ್ ಬದಲಾಗಿದ್ದರೆ ತಕ್ಷಣ ತಿಳಿಯುತ್ತದೆ. ಆಮೀಟರ್ ಆದರೆ ಹೊರಗಡೆ ಒಂದು ಶಂಟ್ ಇರುತ್ತದೆ. ದೊಡ್ಡ ಕರೆಂಟ್ ಶಂಟ್‌ನಲ್ಲಿ ಹೋಗುತ್ತದೆ, ಮೀಟರ್‌ಗೆ ಬರುವುದು ಬರೀ ಮಿಲಿವೋಲ್ಟ್. ಶಂಟ್ ಡೈನಮೊ ಹತ್ತಿರ ಇಟ್ಟು ಎರಡು ಸಣ್ಣ ತಂತಿ ಹಿಂದಕ್ಕೆ ತರಬಹುದು. ನಿಮ್ಮ ಎಂಜಿನ್‌ಗೆ ಇದೇ ಸುಲಭ.

ಇನ್ನೊಂದು ಪರೀಕ್ಷೆ. ಮೀಟರ್ ಕೈಯಲ್ಲಿ ಹಿಡಿದು ನಿಧಾನ ಓರೆ ಮಾಡಿ. ಮುಳ್ಳು ಸೊನ್ನೆ ಬಿಟ್ಟು ದೂರ ಓಡಿದರೆ ಅದು ಗ್ರಾವಿಟಿ ಕಂಟ್ರೋಲ್, ಅಂದರೆ ಸ್ಪ್ರಿಂಗ್ ಬದಲು ಸಣ್ಣ ತೂಕ ಮುಳ್ಳನ್ನು ವಾಪಸ್ ಎಳೆಯುತ್ತದೆ. ಗೋಡೆಯ ಮೇಲೆ ಅದು ಚೆನ್ನ. ಎಂಜಿನ್ ಮೇಲೆ ಬೇಡ. ನೆಲ ಸ್ವಲ್ಪ ಓರೆ ಇದ್ದರೂ ತಪ್ಪು ತೋರಿಸುತ್ತದೆ, ಎಂಜಿನ್ ತೂಗಿದ ಹಾಗೆ ಮುಳ್ಳೂ ತೂಗುತ್ತದೆ. ಸ್ಪ್ರಿಂಗ್ ಇರುವುದನ್ನೇ ಹುಡುಕಿ.

ಕೊನೆಗೆ ಒಂದು ಮೋಸ ಹೋಗುವ ಜಾಗ. ಡಯಲ್ ಮೇಲೆ 300/5 ಅಂತ ಬರೆದಿದ್ದರೆ ಬಿಟ್ಟುಬಿಡಿ. ಅದು ಎಸಿ ಟ್ರಾನ್ಸ್‌ಫಾರ್ಮರ್ ಜೊತೆ ಓಡುವುದು. ನಿಮ್ಮ ಡಿಸಿಗೆ ಬರುವುದಿಲ್ಲ.

ಕಲ್ಲಿದ್ದಲು:
ಒಂದು ಮಾತು ಕೇಳಲಾ? ಇಷ್ಟೆಲ್ಲ ಯಾಕೆ? ಹೊಸ ಮೀಟರ್ ಕೊಂಡು ಹಿತ್ತಾಳೆ ಪೆಟ್ಟಿಗೆಯಲ್ಲಿ ಕೂರಿಸಿ, ಹಳೇ ಥರ ಡಯಲ್ ಪ್ರಿಂಟ್ ಹಾಕಿದರೆ ಆಯಿತಲ್ವಾ? ನೋಡುವವರಿಗೆ ಗೊತ್ತಾಗುವುದಿಲ್ಲ. ಸರಿಯಾಗಿಯೂ ತೋರಿಸುತ್ತದೆ. ನಮ್ಮ ಎಂಜಿನ್‌ನಲ್ಲಿ ಹಾಗೇ ಮಾಡಿದ್ದೇವೆ.

ಗುಜರಿಪ್ರಿಯ:
ನೋಡುವವರಿಗೆ ಗೊತ್ತಾಗದಿರಬಹುದು. ಏಳು ವರ್ಷ ಕೆಲಸ ಮಾಡಿದವರಿಗೆ ಗೊತ್ತಿರುತ್ತದೆ. ನೂರು ವರ್ಷದ ಬಾಯ್ಲರ್ ಉಳಿಸಿ ಮೀಟರ್ ಮಾತ್ರ ಸುಳ್ಳು ಇಡುವುದು ನನಗೆ ಒಪ್ಪುವುದಿಲ್ಲ.

ಮುಳ್ಳುಮೀಟರ್:
ಕಲ್ಲಿದ್ದಲು ಅವರದು ತಪ್ಪು ಅನ್ನಲಾರೆ. ಒಳಗಿನದು ಹಾಳಾದ ಹಳೇ ಪೆಟ್ಟಿಗೆ ಸಿಕ್ಕರೆ ಹೊಸ ಮೂವ್‌ಮೆಂಟ್ (ಮುಳ್ಳು ತಿರುಗಿಸುವ ಭಾಗ) ಹಾಕುವುದು ಒಳ್ಳೆಯದೇ. ಕೆಟ್ಟದ್ದು ಯಾವುದು ಅಂದರೆ, ಓಡುವ ಹಳೇ ಮೀಟರ್ ಕಿತ್ತು ಹೊಸದು ತುಂಬುವುದು. ಅದು ಮಾತ್ರ ಬೇಡ. ಮತ್ತೆ ಏನೇ ಬದಲಿಸಿದರೂ ಮುಂದಿನವರು ವಾಪಸ್ ಮೊದಲಿನ ಹಾಗೆ ಮಾಡಲು ಬರಬೇಕು. ತೂತು ಕೊರೆಯಬೇಡಿ, ಡಯಲ್ ಕೆರೆಯಬೇಡಿ.

ಕಲ್ಲಿದ್ದಲು:
ಅದು ನ್ಯಾಯ. ನಮ್ಮದು ಖಾಲಿ ಪೆಟ್ಟಿಗೆಯೇ ಆಗಿತ್ತು.

ಲ್ಯಾಬ್‌ಮೇಡಂ:
ನಾನು ಹಳೇ ಲ್ಯಾಬ್ ಉಪಕರಣ ರಿಪೇರಿ ಮಾಡುವವಳು. ಎಲ್ಲರೂ ಮೀಟರ್ ಬಿಚ್ಚುವ ಮಾತು ಆಡುತ್ತಿದ್ದೀರಿ. ಬಿಚ್ಚುವ ಮೊದಲು ಇದನ್ನು ದಯವಿಟ್ಟು ಓದಿ.

ಹಡಗು ಮತ್ತು ಸೇನೆಯ ಕೆಲವು ಮೀಟರ್‌ಗಳ ಅಂಕಿ ಮತ್ತು ಮುಳ್ಳಿಗೆ ರೇಡಿಯಂ (ವಿಕಿರಣ ಸೂಸುವ ಲೋಹ) ಇರುವ ಬಣ್ಣ ಹಚ್ಚಿರುತ್ತಾರೆ. ಕತ್ತಲಲ್ಲಿ ಹೊಳೆಯಲಿ ಅಂತ. ಈಗ ಹೊಳೆಯುವುದಿಲ್ಲ, ಹಾಗಾಗಿ ಏನೂ ಇಲ್ಲ ಅಂದುಕೊಳ್ಳುತ್ತಾರೆ. ಹಾಳಾದದ್ದು ಹೊಳೆಯುವ ಪುಡಿ ಮಾತ್ರ. ರೇಡಿಯಂ ಅರ್ಧ ಆಗಲು 1,600 ವರ್ಷ ಬೇಕು. ಅಂಕಿಗಳು ದಪ್ಪಗೆ, ಹಳದಿ ಅಥವಾ ಕಂದು ಬಣ್ಣದ ಪೇಸ್ಟ್ ಹಚ್ಚಿದ ಹಾಗೆ ಕಂಡರೆ ಗ್ಲಾಸ್ ತೆಗೆಯಬೇಡಿ. ಆ ಪುಡಿ ಉಸಿರಲ್ಲಿ ಒಳಗೆ ಹೋದರೆ ಅಪಾಯ. ಗೈಗರ್ ಕೌಂಟರ್ (ವಿಕಿರಣ ಅಳೆಯುವ ಯಂತ್ರ) ಇರುವವರ ಹತ್ತಿರ ಒಮ್ಮೆ ಹಿಡಿಸಿ ನೋಡಿ.

ಹಳೇ ಸ್ವಿಚ್‌ಬೋರ್ಡ್‌ನಿಂದ ಕಿತ್ತು ತರುವವರಿಗೆ ಇನ್ನೊಂದು ಎಚ್ಚರಿಕೆ. ಬೋರ್ಡಿನ ಹಿಂದಿನ ಹಾಳೆ, ರೆಸಿಸ್ಟರ್ ಕೂರಿಸಿದ ಬಿಳಿ ಬೂದು ಹಲಗೆ, ತಂತಿಗೆ ಸುತ್ತಿದ ಬಟ್ಟೆ ಕಲ್ನಾರು (ಆಸ್ಬೆಸ್ಟಾಸ್) ಇರಬಹುದು. ಅದನ್ನು ಕೊರೆಯಬೇಡಿ, ಉಜ್ಜಬೇಡಿ. ಬೋರ್ಡ್ ಅಮೃತಶಿಲೆ ಅಥವಾ ಸ್ಲೇಟ್ ಆಗಿದ್ದರೆ ಆ ಹಲಗೆಯ ಮಟ್ಟಿಗೆ ಆ ಭಯ ಇಲ್ಲ.

ಮತ್ತೆ ಆ ಕಾಲದ ಮೀಟರ್‌ಗಳಲ್ಲಿ ಎಷ್ಟೋ ಸಲ ಹಿಂದಿನ ಟರ್ಮಿನಲ್ ಬತ್ತಲೆ ಇರುತ್ತವೆ. 110 ವೋಲ್ಟ್ ಡಿಸಿ ಸುಮ್ನೆ ಅಲ್ಲ. ಡಿಸಿ ಕಿಡಿ ಎಸಿ ಥರ ತಾನಾಗಿ ಆರುವುದಿಲ್ಲ, ಎಳೆದುಕೊಂಡೇ ಹೋಗುತ್ತದೆ. ಹಿಂದೆ ಮುಚ್ಚಳ ಹಾಕಿ. ವೋಲ್ಟ್‌ಮೀಟರ್‌ನ ಎರಡೂ ತಂತಿಗೆ ಡಿಸಿ ಅಂತ ಬರೆದಿರುವ ಫ್ಯೂಸ್ ಹಾಕಿ.

ಹಬೆಬಂಡಿ:
ಮೇಡಂ, ಬಹಳ ಉಪಕಾರ ಆಯಿತು. ರೇಡಿಯಂ ವಿಷಯ ನನಗೆ ಗೊತ್ತೇ ಇರಲಿಲ್ಲ. ನಾನು ಕೊಳ್ಳಬೇಕು ಅಂದುಕೊಂಡಿದ್ದ ಒಂದರ ಅಂಕಿಗಳು ನೀವು ಹೇಳಿದ ಹಾಗೇ ಇವೆ. ಅದನ್ನು ಬಿಟ್ಟೆ.

ಹಬೆಬಂಡಿ:
ಆರು ವಾರ ಆದ ಮೇಲೆ ಬರೆಯುತ್ತಿದ್ದೇನೆ. ಜೋಡಿ ಸಿಕ್ಕಿತು! ಒಂದೇ ಕಂಪನಿ, ಒಂದೇ ಅಳತೆ, ಕಪ್ಪು ಪೆಟ್ಟಿಗೆಗೆ ಹಿತ್ತಾಳೆ ಅಂಚು. ಹಲಗೆಯ ಗುರುತಿನ ಮೇಲೆ ಇಟ್ಟರೆ ಸರಿಯಾಗಿ ಕೂರುತ್ತವೆ. ಹೊಳೆಯುವ ಬಣ್ಣ ಇಲ್ಲ. ಗೆರೆಗಳು ಸಮ ದೂರ, ಓರೆ ಮಾಡಿದರೆ ಮುಳ್ಳು ಓಡುವುದಿಲ್ಲ.

ಆದರೆ ಡಯಲ್ ಮೇಲಿನ ಅಂಕಿ ಬೇರೆ. ಆಮೀಟರ್ 0–600. ಶಂಟ್ ಇಲ್ಲ. ಡಯಲ್ ಕೆಳಗೆ ಸಣ್ಣದಾಗಿ 75 ಮಿಲಿವೋಲ್ಟ್ ಅಂತ ಇದೆ. ವೋಲ್ಟ್‌ಮೀಟರ್ 0–30. ಬಹುಶಃ ಬ್ಯಾಟರಿ ಬೋರ್ಡಿನದು. ಇವನ್ನು ಬಳಸಬಹುದಾ?

ತಾಮ್ರತಂತಿ:
ಬಳಸಬಹುದು! ನಿಮಗೆ ಸಿಕ್ಕಿರುವುದು ಅದೃಷ್ಟದ ಜೋಡಿ. ಹೇಗೆ ಅಂತ ಹೇಳುತ್ತೇನೆ.

ಆಮೀಟರ್ ನಿಜಕ್ಕೂ ಮಿಲಿವೋಲ್ಟ್ ಮೀಟರ್. ಅದಕ್ಕೆ 75 ಮಿಲಿವೋಲ್ಟ್ ಬಂದರೆ ಮುಳ್ಳು ತುದಿ ಮುಟ್ಟುತ್ತದೆ, ಅಷ್ಟೇ. 600 ಅನ್ನುವುದು ಹಳೇ ಶಂಟ್‌ನ ಲೆಕ್ಕ. ನೀವು 150 ಆಂಪಿಯರ್, 75 ಮಿಲಿವೋಲ್ಟ್ ಶಂಟ್ ಹಾಕಿ. ಅದರ ತಡೆ ಅರ್ಧ ಮಿಲಿಓಮ್. ಆಗ ಡಯಲ್ ಮೇಲಿನ 600 ಅಂದರೆ 150. ನಾಲ್ಕರಿಂದ ಭಾಗಿಸಿದರೆ ಆಯಿತು. 120 ಆಂಪಿಯರ್ ಹೋದಾಗ ಶಂಟ್‌ನಲ್ಲಿ 60 ಮಿಲಿವೋಲ್ಟ್, 7.2 ವಾಟ್ ಬಿಸಿ. ಗಾಳಿ ಆಡುವ ಜಾಗದಲ್ಲಿ ಇಡಿ. ಶಂಟ್ ಈಗಲೂ ಹೊಸದು ಸಿಗುತ್ತದೆ. ಹಳೆಯದೇ ಬೇಕು ಅಂದರೆ ಎರಡು ದಪ್ಪ ಹಿತ್ತಾಳೆ ಗಟ್ಟಿಗಳ ನಡುವೆ ಕಂದು ಬಣ್ಣದ ಪಟ್ಟಿಗಳು ಇರುವುದನ್ನು ಹುಡುಕಿ. ಆ ಪಟ್ಟಿ ಮ್ಯಾಂಗನಿನ್. ಎಡ್ವರ್ಡ್ ವೆಸ್ಟನ್ 1892ರಲ್ಲಿ ಮಾಡಿದ ಮಿಶ್ರಲೋಹ. ಬಿಸಿ ಆದರೂ ಅದರ ತಡೆ ಹೆಚ್ಚು ಬದಲಾಗುವುದಿಲ್ಲ, ಅದಕ್ಕೇ ಅದನ್ನು ಹಾಕುತ್ತಾರೆ.

ಒಂದು ವಿಷಯ ಮರೆಯಬೇಡಿ. ಶಂಟ್ ಇಲ್ಲದೆ ಆ ಮೀಟರನ್ನು ಲೈನಿಗೆ ಎಂದೂ ಕೊಡಬೇಡಿ. ನಾನು ಹುಡುಗನಾಗಿದ್ದಾಗ ಹಾಗೆ ಮಾಡಿ ಒಂದು ಒಳ್ಳೆಯ ಕಾಯಿಲ್ ಸುಟ್ಟೆ. ಆ ವಾಸನೆ ಇವತ್ತಿಗೂ ನೆನಪಿದೆ.

ಪರೀಕ್ಷೆ ಮಾಡುವುದು ಹೀಗೆ. ಒಂದು 1.5 ವೋಲ್ಟ್ ಸೆಲ್, ಅದರ ಜೊತೆ ಸಾಲಾಗಿ 1,000 ಓಮ್ ವೇರಿಯಬಲ್ ರೆಸಿಸ್ಟರ್. ಮೊದಲು ರೆಸಿಸ್ಟರ್ ಪೂರ್ತಿ ಇಡಿ. ಆಮೇಲೆ ನಿಧಾನ ಕಮ್ಮಿ ಮಾಡುತ್ತಾ ಬನ್ನಿ. ಮುಳ್ಳು ತುದಿಗೆ ಬಂದಾಗ ಮೀಟರ್ ಟರ್ಮಿನಲ್ ನಡುವೆ ಡಿಜಿಟಲ್ ಮೀಟರ್ ಹಿಡಿದು ಓದಿ. 75ರ ಹತ್ತಿರ ಇದ್ದರೆ ಅಯಸ್ಕಾಂತ ಚೆನ್ನಾಗಿದೆ. 85, 90 ಬೇಕಾದರೆ ಅಯಸ್ಕಾಂತ ಸೊರಗಿದೆ ಅಂತ ಅನುಮಾನ ಪಡಿ. ಹಿಂದೆ ಯಾರಾದರೂ ಮೀಟರ್ ಬಿಚ್ಚಿ ಅಯಸ್ಕಾಂತದ ನಡುವಿನ ಕಬ್ಬಿಣ ಹೊರತೆಗೆದಿದ್ದರೆ ಹಾಗೆ ಆಗುತ್ತದೆ.

ವೋಲ್ಟ್‌ಮೀಟರ್ ಇನ್ನೂ ಸುಲಭ. ಅದರ ತಡೆ ಎಷ್ಟಿದೆ ಅಳೆದು ಹೇಳಿ.

ಹಬೆಬಂಡಿ:
3,000 ಓಮ್. ಆಮೀಟರ್ 76 ಮಿಲಿವೋಲ್ಟಿಗೆ ತುದಿ ಮುಟ್ಟಿತು.

ತಾಮ್ರತಂತಿ:
ಎರಡೂ ಚೆನ್ನಾಗಿವೆ. ವೋಲ್ಟ್‌ಮೀಟರ್ 30 ವೋಲ್ಟಿಗೆ 10 ಮಿಲಿಆಂಪಿಯರ್ ತೆಗೆದುಕೊಳ್ಳುತ್ತದೆ. 150 ವೋಲ್ಟಿಗೆ ಒಟ್ಟು 15,000 ಓಮ್ ಬೇಕು. ಇರುವುದು 3,000. ಹೊರಗೆ 12,000 ಓಮ್ ಸೇರಿಸಿ. ಅದರಲ್ಲಿ 1.2 ವಾಟ್ ಬಿಸಿ ಆಗುತ್ತದೆ. ಒಂದೇ ರೆಸಿಸ್ಟರ್ ಬದಲು 3,000 ಓಮ್‌ನ ನಾಲ್ಕನ್ನು ಸಾಲಾಗಿ ಹಾಕಿ, ಒಂದೊಂದೂ 2 ವಾಟಿನದು. ತಣ್ಣಗಿರುತ್ತವೆ. ಡಯಲ್ ಮೇಲಿನ 30 ಈಗ 150. ನಿಮ್ಮ 110 ಬರುವುದು ಸರಿಯಾಗಿ 22ರ ಗೆರೆಯ ಮೇಲೆ.

ಲ್ಯಾಬ್‌ಮೇಡಂ:
ಡಯಲ್ ಬಗ್ಗೆ ನಾನು ಸೇರಿಸುತ್ತೇನೆ. ಗೆರೆಗಳು ಸರಿ ಇವೆ, ಅಂಕಿ ಮಾತ್ರ ಬದಲಾಗಬೇಕು. ಹಳೇ ಡಯಲನ್ನು ಸ್ಕ್ಯಾನ್ ಮಾಡಿ, ಅದೇ ಅಕ್ಷರದ ಆಕಾರದಲ್ಲಿ ಹೊಸ ಅಂಕಿ ಬರೆದು, ತೆಳು ಹಾಳೆಯಲ್ಲಿ ಮುದ್ರಿಸಿ. ಅದನ್ನು ಹಳೆಯದರ ಮೇಲೆ ಅಂಟಿಸಬೇಡಿ. ತೆಳು ತಗಡಿನ ಮೇಲೆ ಅಂಟಿಸಿ, ಹಳೇ ಡಯಲ್ ತೆಗೆದು ಅದರ ಜಾಗದಲ್ಲಿ ಹಾಕಿ. ಹಳೆಯದನ್ನು ಲಕೋಟೆಯಲ್ಲಿಟ್ಟು ಎಂಜಿನ್ ದಾಖಲೆ ಜೊತೆ ಇಡಿ.

ಗ್ಲಾಸ್ ಒಡೆದಿದ್ದರೆ ಗ್ಲಾಸ್‌ನ್ನೇ ಹಾಕಿ. ಪ್ಲಾಸ್ಟಿಕ್ ಬೇಡ. ಬಟ್ಟೆಯಿಂದ ಒರೆಸಿದರೆ ಅದಕ್ಕೆ ಸ್ಥಾಯಿ ವಿದ್ಯುತ್ ಬಂದು ಮುಳ್ಳನ್ನು ಎಳೆದು ಹಿಡಿಯುತ್ತದೆ. ಮೀಟರ್ ಕೆಟ್ಟಿದೆ ಅಂತ ಇದೇ ಕಾರಣಕ್ಕೆ ನನ್ನ ಹತ್ತಿರ ತಂದವರು ಎಷ್ಟೋ ಜನ.

ಬಿಚ್ಚುವಾಗ ಮೇಜಿನ ಮೇಲೆ ಕಬ್ಬಿಣದ ಪುಡಿ ಒಂದು ಚೂರೂ ಇರಬಾರದು. ಎಂಜಿನ್ ಶೆಡ್‌ನಲ್ಲಿ ಬಿಚ್ಚಲೇಬೇಡಿ. ಮನೆಯೊಳಗೆ, ಬಿಳಿ ಕಾಗದ ಹಾಸಿ. ಅಯಸ್ಕಾಂತ ಆ ಪುಡಿಯನ್ನು ಎಳೆದುಕೊಂಡರೆ ಕಾಯಿಲ್ ಸಿಕ್ಕಿಹಾಕಿಕೊಳ್ಳುತ್ತದೆ.

ಮುಳ್ಳುಮೀಟರ್:
ಸ್ಕ್ರೂ ಬಗ್ಗೆಯೂ ಎಚ್ಚರ. ಬ್ರಿಟಿಷ್ ಮೀಟರ್‌ನಲ್ಲಿ ಬಿಎ (ಬ್ರಿಟಿಷ್ ಅಸೋಸಿಯೇಷನ್) ಅಳತೆಯ ದಾರ ಇರುತ್ತದೆ. 0 ಬಿಎ ಅಂದರೆ 6 ಮಿ.ಮೀ. ದಪ್ಪ, 1 ಮಿ.ಮೀ. ಪಿಚ್ (ದಾರದ ಸುತ್ತುಗಳ ನಡುವಿನ ಅಂತರ). ಮೆಟ್ರಿಕ್ ಎಂ6 ನಟ್ ಕೂಡ ಅದೇ ಅಳತೆ. ಆದರೆ ದಾರದ ಕೋನ ಬೇರೆ, ಬಿಎದು 47.5 ಡಿಗ್ರಿ, ಮೆಟ್ರಿಕ್‌ದು 60. ಸಲೀಸಾಗಿ ಹತ್ತಿದ ಹಾಗೆ ಅನಿಸುತ್ತದೆ. ಬಿಗಿ ಮಾಡಿದಾಗ ದಾರ ಹೋಗುತ್ತದೆ.

ಹಿತ್ತಾಳೆ ಅಂಚನ್ನು ತಳತಳ ಉಜ್ಜುವ ಮೊದಲು ಹಳೇ ಲ್ಯಾಕರ್ (ಮೆರುಗಿನ ಲೇಪ) ಇದೆಯಾ ನೋಡಿ. ಇದ್ದರೆ ಮುಟ್ಟಬೇಡಿ. ಒದ್ದೆ ಬಟ್ಟೆ ಸಾಕು.

ಕಲ್ಲಿದ್ದಲು:
ನಾನೂ ಒಂದು ಅನುಭವ ಹೇಳುತ್ತೇನೆ. ಮೀಟರ್ ಮುಳ್ಳು ನಿಂತಿರುವುದು ಸೂಜಿ ಮೊನೆಯಂಥ ಪಿವಟ್ ಮೇಲೆ. ಅದರ ಕೆಳಗೆ ಸಣ್ಣ ನೀಲಮಣಿ ಕುಳಿ. ಹತ್ತಾರು ಟನ್ ಎಂಜಿನ್ ರಸ್ತೆಯಲ್ಲಿ ಹೋಗುವಾಗ ಆ ನಡುಕಕ್ಕೆ ಮೊನೆ ಮೊಂಡಾಗುತ್ತದೆ. ಆಮೇಲೆ ಮುಳ್ಳು ಅಂಟಿ ಅಂಟಿ ನಡೆಯುತ್ತದೆ. ನಾವು ಈಗ ಹಲಗೆಯನ್ನೇ ನಾಲ್ಕು ರಬ್ಬರ್ ಮೇಲೆ ಕೂರಿಸಿದ್ದೇವೆ. ರಸ್ತೆಗೆ ಹೊರಡುವ ಮೊದಲು ಹಲಗೆ ಕಳಚಿ, ಕಂಬಳಿ ಸುತ್ತಿ ಬೇರೆ ವಾಹನದಲ್ಲಿ ಇಡುತ್ತೇವೆ. ಹೇಗೂ ಡೈನಮೊ ಓಡಿಸುವುದು ಎಂಜಿನ್ ನಿಂತಾಗಲೇ ಅಲ್ವಾ? ತಂತಿಗೆ ಪ್ಲಗ್ ಇಟ್ಟರೆ ಎರಡು ನಿಮಿಷದ ಕೆಲಸ. ಆದರೆ ವೋಲ್ಟ್‌ಮೀಟರ್‌ಗೂ ಆಮೀಟರ್‌ಗೂ ಒಂದೇ ಥರ ಪ್ಲಗ್ ಬೇಡ. ಅದಲುಬದಲಾದರೆ 75 ಮಿಲಿವೋಲ್ಟ್ ಮೀಟರಿಗೆ 110 ಹೋಗುತ್ತದೆ.

ತಾಮ್ರತಂತಿ:
ಈ ಪ್ಲಗ್ ಮಾತು ಬಂಗಾರದಂಥದ್ದು. ಮತ್ತೆ ಶಂಟ್‌ನಿಂದ ಬರುವ ಎರಡು ತಂತಿಯನ್ನು ಒಂದಕ್ಕೊಂದು ಹೊಸೆದು ತನ್ನಿ. ಶಂಟ್‌ನಲ್ಲಿ ದೊಡ್ಡ ಬೋಲ್ಟಿಗೆ ಕೇಬಲ್, ಒಳಗಿನ ಸಣ್ಣ ಸ್ಕ್ರೂಗೆ ಮೀಟರ್ ತಂತಿ. ಎರಡನ್ನೂ ಒಂದೇ ಬೋಲ್ಟಿಗೆ ಹಾಕಿದರೆ ಜಾಸ್ತಿ ತೋರಿಸುತ್ತದೆ. ತಂತಿ ತೀರಾ ತೆಳು ಬೇಡ, ಉದ್ದ ಇದ್ದಷ್ಟೂ ದಪ್ಪ ಇರಲಿ.

ಹಬೆಬಂಡಿ:
ನಿನ್ನೆ ಓಡಿಸಿದೆವು. ಎಲ್ಲರಿಗೂ ಹೇಳಲೇಬೇಕು ಅನಿಸಿತು.

ಬೆಲ್ಟ್ ಹಾಕಿ ನಿಧಾನ ವೇಗ ಏರಿಸಿದೆವು. ಮೊದಲು ಮುಳ್ಳು ಅಲ್ಲಾಡಲೇ ಇಲ್ಲ. ಆಮೇಲೆ 20, 40, ಒಮ್ಮೆಗೇ 90ಕ್ಕೆ ಬಂತು. 110ಕ್ಕೆ ನಿಲ್ಲಿಸಿ ಡಿಜಿಟಲ್ ಮೀಟರ್ ಹಿಡಿದರೆ 108.6. ಸಾಕು ಅಂತ ಎಲ್ಲರೂ ಒಪ್ಪಿದೆವು. ಬಲ್ಬ್ ಸಾಲುಗಳನ್ನು ಒಂದೊಂದಾಗಿ ಹಾಕಿದೆವು. ಪ್ರತಿ ಸಾಲಿಗೂ ಆಮೀಟರ್ ಒಂದು ಹೆಜ್ಜೆ ಏರುತ್ತದೆ, ವೋಲ್ಟ್‌ಮೀಟರ್ ಒಂದು ಹೆಜ್ಜೆ ಇಳಿಯುತ್ತದೆ. ಅದೇ ಹೊತ್ತಿಗೆ ಎಂಜಿನ್ ಉಸಿರು ಭಾರ ಆಗುವುದು ಕಿವಿಗೆ ಕೇಳುತ್ತದೆ. ಗವರ್ನರ್ (ಎಂಜಿನ್ ವೇಗ ಒಂದೇ ಮಟ್ಟದಲ್ಲಿ ಇಡುವ ಭಾಗ) ಹಿಡಿದುಕೊಂಡ ಮೇಲೆ ಮುಳ್ಳು ವಾಪಸ್ 107, 108ಕ್ಕೆ ಬರುತ್ತದೆ. 80 ಆಂಪಿಯರ್ ತನಕ ಹೋದೆವು. ಶಂಟ್ ಕೈಯಲ್ಲಿ ಮುಟ್ಟುವಷ್ಟೇ ಬಿಸಿ.

ನಮ್ಮಲ್ಲಿ ಹಿರಿಯರು ಒಬ್ಬರು ಅರ್ಧ ಗಂಟೆ ಆ ಹಲಗೆ ಮುಂದೆಯೇ ನಿಂತಿದ್ದರು. ಒಂದು ಕೈ ರೆಗ್ಯುಲೇಟರ್ ಮೇಲೆ, ಕಣ್ಣು ಮುಳ್ಳಿನ ಮೇಲೆ. ಯಾರೂ ಅವರಿಗೆ ಹೀಗೆ ಮಾಡಿ ಅಂತ ಹೇಳಿರಲಿಲ್ಲ.

ಗುಜರಿಪ್ರಿಯ:
ಓದಿ ಬಹಳ ಖುಷಿ ಆಯಿತು. ಹಲಗೆಯ ಫೋಟೊ ಹಾಕಿ. ದೀಪ ಹತ್ತಿದಾಗ ತೆಗೆದದ್ದು ಇದ್ದರೆ ಅದನ್ನೇ.

ಹಬೆಬಂಡಿ:
ನಾಳೆ ಹಾಕುತ್ತೇನೆ. ಹೊಸ ಡಯಲ್ ಇನ್ನೂ ಮುದ್ರಿಸಿಲ್ಲ, ಸದ್ಯ ಪೆನ್ಸಿಲ್‌ನಲ್ಲಿ ಬರೆದ ಚೀಟಿ ಪಕ್ಕದಲ್ಲಿ ಅಂಟಿಸಿದ್ದೇವೆ: 22 ಅಂದರೆ 110.